ಹಾಲಿಸನ ಕಾಲು, ಡೆಲ್ಮರನ ಕುರ್ಚಿ

೧

ಕುರ್ಚಿ ಗಾಳಿಯಲ್ಲಿದೆ. ಡೆಲ್ಮರ್ ಗ್ರಿಗ್ಸ್ ಅದನ್ನು ಎರಡೂ ಕೈಯಿಂದ ತಲೆಯ ಮೇಲಕ್ಕೆ ಎತ್ತಿದ್ದಾನೆ. ಮಡಿಸುವ ಕಬ್ಬಿಣದ ಕುರ್ಚಿ. ಕೆಳಗೆ ಹಾಲಿಸ್ ಟಿಡ್ವೆಲ್ ಅಂಗಾತ ಬಿದ್ದಿದ್ದಾನೆ, ಎಡಗಾಲು ಚಾಚಿಕೊಂಡಿದೆ. ಎಂಬತ್ತು ಜನ ಹಿಡಿಸುವ ಟಿವಿ ಸ್ಟುಡಿಯೋದ ಮೊದಲ ಸಾಲಿನಿಂದ ಒಬ್ಬ ಅಜ್ಜಿ ತನ್ನ ಕೈಚೀಲವನ್ನು ಬೀಸಿ ಎಸೆದಿದ್ದಾಳೆ. ಅದೂ ಗಾಳಿಯಲ್ಲಿದೆ.

ಎರಡೂ ಸ್ವಲ್ಪ ಹೊತ್ತು ಅಲ್ಲೇ ಇರಲಿ.

(ಹೇಗೆ ಶುರು ಮಾಡಬೇಕೆಂದು ತಿಳಿಯದೆ ಕುರ್ಚಿ ಎತ್ತಿಸಿದೆ. ಇದಕ್ಕೆ ಮುಂಚೆ ಮೂರು ಆರಂಭ ಬರೆದು ಹರಿದೆ. ಒಂದು ಮೋಡದಿಂದ ಶುರುವಾಗಿತ್ತು. ಇನ್ನೊಂದು ಭೂಗೋಳದ ಮೇಷ್ಟರ ಹಾಗೆ ನದಿ, ಗಡಿ, ಬೆಳೆ ಎಂದು ಕೋಲು ಹಿಡಿದಿತ್ತು. ಮೂರನೆಯದು ನಿಜಕ್ಕೂ ಚೆನ್ನಾಗಿತ್ತು; ಅದರಲ್ಲಿ ಮನುಷ್ಯರೇ ಇರಲಿಲ್ಲ.)

೨

ಟೆನೆಸಿಯ ನಮ್ಮ ಹಾರ್ಲನ್ಸ್‌ವಿಲ್‌ನಲ್ಲಿ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಟಿವಿಯಲ್ಲಿ ಕುಸ್ತಿ. ಆ ಒಂದೂವರೆ ಗಂಟೆ ನಮ್ಮಲ್ಲಿ ಯಾರೂ ಸಾಯುತ್ತಿರಲಿಲ್ಲ, ಯಾರೂ ಹೆರುತ್ತಿರಲಿಲ್ಲ. ಕ್ಷೌರದಂಗಡಿಯಲ್ಲಿ ಒಂದು ಕೆನ್ನೆ ಬೋಳಿಸಿಕೊಂಡವನು ಇನ್ನೊಂದು ಕೆನ್ನೆಯ ನೊರೆ ಒಣಗಿಸಿಕೊಂಡು ಕೂತಿರುತ್ತಿದ್ದ. ಕುಸ್ತಿಯ ವಿವರಣೆ ಹೇಳುತ್ತಿದ್ದ ಫಾರಿಸ್ ವಾರದ ಮಿಕ್ಕ ದಿನ ಅದೇ ಚಾನೆಲಿನಲ್ಲಿ ಹತ್ತಿಯ ಧಾರಣೆ ಓದುತ್ತಿದ್ದ. ಹತ್ತಿಯ ವಿಷಯದಲ್ಲಿ ಅವನು ಒಮ್ಮೆಯೂ ಸುಳ್ಳು ಹೇಳಿದವನಲ್ಲ. ಅದೇ ದನಿಯಲ್ಲಿ "ಅಯ್ಯೋ, ಹಿಂದೆ ನೋಡು ಹಾಲಿಸ್" ಅಂದರೆ ನಂಬದೆ ಏನು ಮಾಡುವುದು?

ಹಾಲಿಸ್ ಒಳ್ಳೆಯವನು. ಡೆಲ್ಮರ್ ಕೆಟ್ಟವನು. ಡೆಲ್ಮರನ ಅಖಾಡದ ಹೆಸರು 'ಜೈಲರ್'. ಸೊಂಟಕ್ಕೆ ಬೀಗದ ಕೈಗಳ ಗೊಂಚಲು ಕಟ್ಟಿಕೊಂಡು ಬಂದು, ಕ್ಯಾಮೆರಾದ ಮುಂದೆ ಅದನ್ನು ಝಣಝಣ ಆಡಿಸಿ, "ಹಾರ್ಲನ್ಸ್‌ವಿಲ್‌ನ ಜನಗಳೇ, ನೀವೆಲ್ಲ ಒಳಗಿರಬೇಕಾದವರು" ಅನ್ನುತ್ತಿದ್ದ. ಊರಿಗೆ ಊರೇ ಟಿವಿಗೆ ಉಗಿಯುತ್ತಿತ್ತು.

ಚಾನೆಲಿನವರು ಒಂದೇ ಟೇಪಿನ ಮೇಲೆ ವಾರವಾರವೂ ಹಳೆಯದನ್ನು ಅಳಿಸಿ ಹೊಸ ಕುಸ್ತಿ ತುಂಬುತ್ತಿದ್ದರು. ಹಾಗಾಗಿ ಒಂದು ಶನಿವಾರವೂ ಉಳಿದಿಲ್ಲ. ಉಳಿದದ್ದು ಜನರ ಬಾಯಲ್ಲಿ. ಎಂಬತ್ತು ಜನ ಹಿಡಿಸುತ್ತಿದ್ದ ಆ ಸ್ಟುಡಿಯೋದಲ್ಲಿ ಆ ದಿನ ತಾನೂ ಇದ್ದೆ ಎನ್ನುವವರನ್ನು ಎಣಿಸಿದರೆ ನಾಲ್ಕು ಸಾವಿರವಾದರೂ ಆದಾರು.

೩

ಈಗ ಕುರ್ಚಿ ಬೀಳಬಹುದು.

ಬಿತ್ತು. ಸದ್ದಿಗೆ ಅಡುಗೆಮನೆಯಲ್ಲಿದ್ದವರೂ ಓಡಿಬಂದರು. ಸಾವಿರದ ಒಂಬೈನೂರ ಎಪ್ಪತ್ತನಾಲ್ಕು, ಮೇ ತಿಂಗಳು. ಇದ್ದಬದ್ದ ಬಲವನ್ನೆಲ್ಲ ಹಾಕಿ ಬೀಸಿದ ಕುರ್ಚಿಯ ಅಂಚು ಬಿದ್ದದ್ದು ಅಖಾಡದ ಹಲಗೆಯ ಮೇಲೆ, ಹಾಲಿಸನ ಕಾಲಿನಿಂದ ಒಂದೇ ಒಂದು ಬೆರಳು ಆಚೆಗೆ. ಒಂದು ಬೆರಳು ಈಚೆ ಬಿದ್ದಿದ್ದರೆ...

"ಏ ತಮ್ಮಾ," ಅಂದ ಹಾಲಿಸ್ ನನಗೆ, ಬಿದ್ದಲ್ಲಿಂದಲೇ. "ಏನು ಬರೀತಿದ್ದೀಯ?"

"ನಡೆದದ್ದು."

"ನಡೆದದ್ದು ಏನು ಅಂದ್ರೆ ಅವನು ನನ್ನ ಕಾಲು ಮುರಿದ. ಅಷ್ಟು ಬರಿ."

"ನಿಮ್ಮನ್ನ ಹುಟ್ಟಿಸಿದವನೇ ನಾನು, ಹಾಲಿಸ್. ಕಾಲು ಮುರಿದಿಲ್ಲ ಅಂತ ನನಗೆ ಗೊತ್ತು."

"ಹೆತ್ತ ತಾಯಿಗೇ ಹೇಳಿಲ್ಲ. ನಿನಗೆ ಹೇಳ್ತೀನಾ?"

"ಇದು ಕಥೆ. ಕಟ್ಟಿದ್ದು ಅಂತ ಓದುವವರಿಗೆ ಗೊತ್ತೇ ಇರುತ್ತೆ."

"ಗೊತ್ತಿದ್ರೆ ಸುಮ್ಮನೆ ಬರಿಯಪ್ಪ. ಮಧ್ಯೆ ಮಧ್ಯೆ ಎದ್ದು ಬಂದು ಇದು ಕಟ್ಟಿದ್ದು, ಇದು ಕಟ್ಟಿದ್ದು ಅಂತ ಯಾಕೆ ಗಂಟೆ ಬಾರಿಸ್ತೀಯ? ನಾವು ಯಾವತ್ತಾದ್ರೂ ಅಖಾಡದ ಹಗ್ಗದಾಚೆ ತಲೆ ಹಾಕಿ ಹಂಗಂದ್ವಾ? ಮೂರು ಸಲ ಹರಿದೆ ಅಂತ ಬೇರೆ ಹೇಳ್ಕೋತೀಯ. ನಾವು ಶನಿವಾರ ಶನಿವಾರ ಲೈವ್ ಮಾಡಿದ್ವಿ. ಹರಿಯೋಕೆ ಕಾಗದಾನೇ ಇರಲಿಲ್ಲ."

(ಇಂಥ ಕಥೆಯಲ್ಲಿ ಒಂದು ಅನುಕೂಲ ಇದೆ. ಸೋತಾಗ ಮುಂದಿನ ಸಂಖ್ಯೆ ಹಾಕಿಬಿಡಬಹುದು.)

೪

ಕುಸ್ತಿ ನಡೆಸುತ್ತಿದ್ದವನ ಷಡ್ಡಕ ದನದ ಡಾಕ್ಟರ್. ಅವನೇ ಹಾಲಿಸನ ಕಾಲಿಗೆ ತೊಡೆಯವರೆಗೆ ಪ್ಲಾಸ್ಟರ್ ಹಾಕಿದ. ಹತ್ತು ವಾರ ಇರಬೇಕು, ಆಮೇಲೆ ಸೇಡಿನ ಕುಸ್ತಿ.

ನೀವು ಕೇಳಬಹುದು: ಮನೆಯಲ್ಲಿ ಬಾಗಿಲು ಹಾಕಿಕೊಂಡಾಗ ತೆಗೆಯಬಹುದಿತ್ತಲ್ಲ? ನಾನೂ ಕೇಳಿದೆ. ಹಾಲಿಸ್ ನನ್ನನ್ನು ಜೂಜಿನಲ್ಲಿ ಮೋಸ ಮಾಡಿದವನನ್ನು ನೋಡುವಂತೆ ನೋಡಿದ.

ಮದುವೆಯಾಗದ ಮೂವತ್ತೊಂದರ ಗಂಡಸು, ಮೇಲೆ ಕಾಲು ಬೇರೆ ಮುರಿದಿದೆ. ಚರ್ಚಿನ ಹೆಂಗಸರು ಸುಮ್ಮನಿರುತ್ತಾರೆಯೇ? ಕರಿದ ಕೋಳಿ, ಬೆಣ್ಣೆ ಹಾಕಿದ ಬಿಸ್ಕಿಟ್ ರೊಟ್ಟಿ, ಬಾಳೆಹಣ್ಣಿನ ಪುಡ್ಡಿಂಗ್ ಸಾಲುಸಾಲಾಗಿ ಬಂದವು. ಪಾತ್ರೆಗಳ ತಳದಲ್ಲಿ ಅಂಟುಪಟ್ಟಿಯ ಮೇಲೆ ಅವರವರ ಹೆಸರು. ಒಟ್ಟು ಹದಿನಾಲ್ಕು ಪಾತ್ರೆ. ಹಾಲಿಸ್ ಊರುಗೋಲಿನ ಮೇಲೆ ಕುಂಟುತ್ತ ಒಂದೊಂದನ್ನೂ ತೊಳೆದು, ಮನೆಮನೆಗೆ ಹಿಂದಿರುಗಿಸಿ ಬಂದ. ಪಾದ್ರಿ ಮೂರು ಭಾನುವಾರ ಆ ಕಾಲಿಗಾಗಿ ಪ್ರಾರ್ಥನೆ ಮಾಡಿಸಿದ.

ಇತ್ತ ಡೆಲ್ಮರನ ಕಾರಿನ ನಾಲ್ಕೂ ಚಕ್ರಕ್ಕೆ ಯಾರೋ ಚಾಕು ಹಾಕಿದರು. ಕ್ಷೌರದವನು ಕುರ್ಚಿಯ ಮೇಲೆ ಟವೆಲ್ ಹಾಸಿ "ಬೇರೆಯವರಿದ್ದಾರೆ" ಅಂದ. ಅಂಗಡಿ ಖಾಲಿ ಇತ್ತು.

೫

(ಇದನ್ನು ಬರೆಯಬೇಡ ಎಂದು ಹಾಲಿಸ್ ಎರಡು ಸಲ ಹೇಳಿದ್ದಾನೆ. ಬರೆಯುತ್ತೇನೆ. ಡೆಲ್ಮರನಿಗೆ ಸಾಕ್ಷಿ ಬೇರೆ ಯಾರಿದ್ದಾರೆ?)

ಪ್ಲಾಸ್ಟರ್ ಹಾಕಿದ ಮೂರನೆಯ ವಾರ, ಭಾನುವಾರ ಬೆಳಿಗ್ಗೆ ಒಂಬತ್ತೂವರೆ. ಪ್ಲಾಸ್ಟರ್ ಕಾಲನ್ನು ತೊಟ್ಟಿಯ ಹೊರಗೆ ಇಳಿಬಿಟ್ಟು ಸ್ನಾನ ಮಾಡುತ್ತಿದ್ದ ಹಾಲಿಸ್ ಏಳಲು ಹೋಗಿ ಜಾರಿದ. ಎಡಗೈ ಮಣಿಕಟ್ಟು ಮುರಿಯಿತು. ನಿಜವಾಗಿ ಮುರಿಯಿತು.

ಊರಿನ ಡಾಕ್ಟರ ಹತ್ತಿರ ಹೋದರೆ ಅವನು ಮೊದಲು ಕಾಲು ನೋಡುತ್ತಾನೆ. ದನದ ಡಾಕ್ಟರಿಗೆ ಮನುಷ್ಯರ ಮೂಳೆ ಕೂಡಿಸಲು ಬರದು. ಹಾಲಿಸ್ ಫೋನ್ ಮಾಡಿದ್ದು ಸಂಗತಿ ಗೊತ್ತಿದ್ದವರಲ್ಲಿ ತಾನು ನಂಬಿದ್ದ ಒಬ್ಬನೇ ಒಬ್ಬನಿಗೆ.

ಒಳ್ಳೆಯವನೂ ಕೆಟ್ಟವನೂ ಒಂದೇ ಕಾರಿನಲ್ಲಿ ಕಂಡರೆ ಕುಸ್ತಿ ಬರೀ ಆಟವೆಂದು ಬಯಲಾಗಿ ಇಬ್ಬರ ಅನ್ನವೂ ಹೋಯಿತು. ಊರೆಲ್ಲ ಚರ್ಚಿನಲ್ಲಿದ್ದ ಹೊತ್ತಿಗೆ ಡೆಲ್ಮರ್ ತನ್ನ ಬ್ಯೂಕ್ ಕಾರನ್ನು ಹಿತ್ತಿಲ ಬಾಗಿಲಿಗೆ ತಂದ. ಹಾಲಿಸನನ್ನು ಹಿಂದಿನ ಸೀಟಿನ ಕೆಳಗೆ, ಕಾಲಿಡುವ ಜಾಗದಲ್ಲಿ ಮಲಗಿಸಿ ಕಂಬಳಿ ಹೊದಿಸಿದ. ಆಮೇಲೆ ಮನೆಗೆ ಹೋಗಿ ಎಂಟು ವರ್ಷದ ಮಗಳು ನೆಲ್ಡಾಳನ್ನು ಹಿಂದಿನ ಸೀಟಿಗೆ ಹತ್ತಿಸಿಕೊಂಡ. ಅಪ್ಪ ಮಗಳು ಸುತ್ತಾಡಲು ಹೊರಟಂತೆ ಕಾಣಲಿ ಅಂತ.

"ಅಪ್ಪಾ, ಕೆಳಗೇನದು?"

"ನಾಯಿ. ಹುಷಾರಿಲ್ಲ. ಕಂಬಳಿ ತೆಗೀಬೇಡ, ಕಚ್ಚುತ್ತೆ."

ಅವಳು ತೆಗೆಯಲಿಲ್ಲ. ದಾರಿಯುದ್ದಕ್ಕೂ ಕಂಬಳಿಯ ಮೇಲಿಂದಲೇ ನಾಯಿಯ ತಲೆ ಸವರಿದಳು, ಭಾನುವಾರದ ಶಾಲೆಯಲ್ಲಿ ಕಲಿತ ಹಾಡು ಹೇಳಿದಳು. ಹಾಲಿಸ್ ಕಂಬಳಿಯ ಅಂಚು ಕಚ್ಚಿಕೊಂಡು ಬಿದ್ದಿದ್ದ.

ಎಷ್ಟು ದೂರ ಹೋಗಬೇಕು? ನಮ್ಮ ಚಾನೆಲ್ ಹಿಡಿಯದ ಊರಿನವರೆಗೆ. ಡೆಲ್ಮರ್ ಮನೆಗಳ ಮೇಲಿನ ಆಂಟೆನಾ ನೋಡುತ್ತ ಓಡಿಸಿದ. ಎಲ್ಲವೂ ಹಾರ್ಲನ್ಸ್‌ವಿಲ್ ಕಡೆ ಮುಖ ಮಾಡಿದ್ದವು. ಎರಡು ಗಂಟೆ ಓಡಿಸಿದ ಮೇಲೆ ಒಂದೂರಿನಲ್ಲಿ ಎಲ್ಲ ಆಂಟೆನಾಗಳೂ ಆ ಕಡೆಗೆ ಬೆನ್ನು ಹಾಕಿದ್ದವು. ಮಗಳನ್ನು ಪೆಟ್ರೋಲ್ ಬಂಕಿನ ಬೆಂಚಿನ ಮೇಲೆ ಕೋಲಾ ಕೊಡಿಸಿ ಕೂರಿಸಿ, ಅಲ್ಲಿ ಡಾಕ್ಟರನ್ನು ಹುಡುಕಿದ.

ಡಾಕ್ಟರ್ ಮಣಿಕಟ್ಟಿಗೆ ದಬ್ಬೆ ಕಟ್ಟಿ, ಕಾಲು ನೋಡಿ, "ಇದಕ್ಕೇನಾಯ್ತು?" ಅಂದ.

"ನಾನೇ ಮುರಿದೆ," ಅಂದ ಡೆಲ್ಮರ್.

ಅಲ್ಲಿ ಅವನ ಗುರುತಿದ್ದವರು ಯಾರೂ ಇರಲಿಲ್ಲ. ಆದರೂ ಹಾಗೇ ಅಂದ.

ಉಳಿದ ಏಳು ವಾರ ಹಾಲಿಸ್ ಜೂನ್, ಜುಲೈ ಬೇಗೆಯಲ್ಲಿ ಉದ್ದ ತೋಳಿನ ಅಂಗಿ ಹಾಕಿದ. ಮುರಿದ ಕೈಯಿಂದಲೇ ಊರುಗೋಲು ಊರಿದ. ಅವನ ಹಣೆಯ ಬೆವರು ನೋಡಿ ಹೆಂಗಸರು, "ಪಾಪ, ಕಾಲು ಎಷ್ಟು ನೋಯ್ತಿದೆಯೋ" ಅಂದರು.

೬

ಆಮೇಲೆ ನಲವತ್ತೆರಡು ವರ್ಷ ಇಬ್ಬರೂ ಅದೇ ಊರಿನಲ್ಲಿದ್ದರು. ಟಿವಿಯ ಕುಸ್ತಿ ನಿಂತುಹೋಯಿತು, ಸ್ಟುಡಿಯೋ ಇದ್ದ ಜಾಗದಲ್ಲಿ ಹಲ್ಲಿನ ಡಾಕ್ಟರರು ಬಂದರು. ಇವರಿಬ್ಬರು ಮಾತ್ರ ಹಗೆತನದ ಆಟ ನಿಲ್ಲಿಸಲಿಲ್ಲ. ಅಂಗಡಿಯಲ್ಲಿ ಟೊಮೇಟೊ ರಾಶಿಯ ಮುಂದೆ ಎದುರಾದರೆ ಡೆಲ್ಮರ್ ತನ್ನ ತಳ್ಳುಗಾಡಿ ಅಡ್ಡ ನಿಲ್ಲಿಸುತ್ತಿದ್ದ.

"ಇನ್ನೊಂದು ಕಾಲು ಹೇಗಿದೆ ಟಿಡ್ವೆಲ್?"

"ನಿನ್ನ ಒದೆಯೋಕೆ ಸಾಕು."

ಸಾಮಾನು ಕಟ್ಟುವ ಹುಡುಗಿ ಮನೆಗೆ ಹೋಗಿ ಅಜ್ಜನಿಗೆ ಹೇಳುತ್ತಿದ್ದಳು. ಅಜ್ಜ ಊಟ ಬಿಟ್ಟು ಮೊದಲಿಂದ ಶುರು ಮಾಡುತ್ತಿದ್ದ: "ಆ ದಿನ ನಾನು ಸ್ಟುಡಿಯೋದಲ್ಲೇ ಇದ್ದೆ..."

ಹಾಲಿಸನಿಗೆ ಈಗ ಎಪ್ಪತ್ಮೂರು. ನಿಜವಾಗಿ ಸವೆದಿರುವುದು ಬಲ ಸೊಂಟ. ಅವನು ಕುಂಟುವುದು ಎಡಗಾಲಿನಲ್ಲಿ.

೭

ಡೆಲ್ಮರ್ ಸತ್ತ ಮಾರನೆಯ ದಿನ ನೆಲ್ಡಾ ಬಂದಳು. ಶಾಲೆಯ ಬಸ್ಸು ಓಡಿಸುವವಳು, ಐವತ್ತು ತುಂಬಿದೆ. ಹಾಲಿಸ್ ಟೊಮೇಟೊ ಹೆಚ್ಚುತ್ತಿದ್ದ.

"ಮಿಸ್ಟರ್ ಹಾಲಿಸ್, ನಾಳೆ ಚರ್ಚಿನಲ್ಲಿ ನೀವು ಎರಡು ಮಾತಾಡ್ಬೇಕು. ಅದೆಲ್ಲ ಆಟ, ಡೆಲ್ಮರ್ ಒಳ್ಳೆಯವನು ಅಂತ."

"ಮನೇಲಿ ಒಳ್ಳೆಯವನಾಗಿರಲಿಲ್ವಾ?"

"ಮನೇಲಿ ಅಪ್ಪ ನನಗೆ ಜಡೆ ಹಾಕ್ತಿದ್ದ. ಊರಿಗೆ ಗೊತ್ತಿಲ್ಲವಲ್ಲ! ನನ್ನ ಹುಟ್ಟುಹಬ್ಬದ ಕೇಕ್ ಮೇಲೆ ಹೆಸರು ಬರೆಯೋಕೆ ಬೇಕರಿಯವಳು ಒಪ್ಪಲಿಲ್ಲ. ಶಾಲೇಲಿ ನನ್ನ ಪಕ್ಕ ಯಾರೂ ಕೂರ್ತಿರಲಿಲ್ಲ. ಈಗ ಅವನು ಸತ್ತಿದ್ದಾನೆ. ಒಬ್ಬರ ಬಾಯಿಂದ, ಒಂದೇ ಒಂದು ಸಲ ಕೇಳ್ಬೇಕು ನಾನು."

ಹಾಲಿಸ್ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಆಯ್ತು, ಊರಿಗೆ ಬೇಡ. ನನಗೊಬ್ಬಳಿಗೆ ಹೇಳಿ. ಆ ಭಾನುವಾರ ಕಂಬಳಿ ಕೆಳಗೆ ಇದ್ದದ್ದು ನಾಯಿಯಲ್ಲ, ಅಲ್ವಾ? ವಾಪಸ್ ಬರುವಾಗ ದಬ್ಬೆ ಕಟ್ಟಿದ ಕೈ ಕಂಡಿತ್ತು ನನಗೆ."

"ಉಪ್ಪು ಜಾಸ್ತಿ ಹಾಕ್ಲಾ, ಕಮ್ಮೀನಾ, ಮಗಳೇ?" ಅಂದ ಹಾಲಿಸ್. ಹೆಚ್ಚಿದ್ದನ್ನೇ ಮತ್ತೆ ಹೆಚ್ಚತೊಡಗಿದ.

೮

ಹಾಲಿಸನ ಮುಂದೆ ಮೂರು ಮುಕ್ತಾಯ ಇಟ್ಟೆ.

ಮೊದಲನೆಯದು: ಅವನು ಎದ್ದು ನಿಂತು ಎಲ್ಲ ಹೇಳಿಬಿಡುತ್ತಾನೆ. ನೆಲ್ಡಾ ಅಳುತ್ತಾಳೆ, ಊರು ಅಳುತ್ತದೆ.

"ಅಲ್ಲಿಗೆ ಡೆಲ್ಮರ್ ಏನಾದ?" ಅಂದ ಹಾಲಿಸ್. "ಒಂದು ಕುರ್ಚಿನ ನೆಲಕ್ಕೆ ಬಡಿದವನು. ಅಷ್ಟೇ ತಾನೆ?"

ಎರಡನೆಯದು: ಚರ್ಚಿನಲ್ಲಿ ಒಬ್ಬ ಮುದುಕಿ ಎದ್ದು ಶವಪೆಟ್ಟಿಗೆಯ ಕಡೆ ಹಳೆಯ ಕುಸ್ತಿಯ ಕಾಲದ ಹಾಗೆ ಛೀಮಾರಿಯ "ಬೂ" ಅನ್ನುತ್ತಾಳೆ. ಇನ್ನೊಬ್ಬಳು, ಮತ್ತೊಬ್ಬ, ಕೊನೆಗೆ ಇಡೀ ಚರ್ಚು.

"ಚರ್ಚಿನಲ್ಲಿ ಬೂ ಅಂತಾರಾ? ನಿನ್ನ ತಾಯಿ ನಿನ್ನ ಯಾವ ಚರ್ಚಿಗೆ ಕರ್ಕೊಂಡು ಹೋಗ್ತಿದ್ದಳೋ!" (ಬೇಜಾರಾಯಿತು. ನನಗೆ ಅದು ಇಷ್ಟವಾಗಿತ್ತು.)

ಮೂರನೆಯದರಲ್ಲಿ ಅವನು ಚರ್ಚಿಗೇ ಹೋಗುವುದಿಲ್ಲ.

"ಹೋಗ್ತೀನಿ," ಅಂದ. "ಇಷ್ಟು ವರ್ಷದ ಎದುರಾಳಿ. ನಾನಲ್ಲದೆ ಯಾರು ಹೋಗ್ಬೇಕು?"

ಹೋದ. ಚರ್ಚು ತುಂಬಿತ್ತು. ಡೆಲ್ಮರ್ ಸತ್ತದ್ದು ಖಂಡಿತವೇ ಎಂದು ನೋಡಿಕೊಂಡು ಹೋಗಲು ಬಂದ ಮುದುಕರೇ ಅರವತ್ತು ಜನ. ಹಾಲಿಸ್ ಎಡಗಾಲು ಎಳೆಯುತ್ತ ಮುಂದೆ ಹೋದ.

"ಈ ಮನುಷ್ಯ ನನ್ನ ಕಾಲು ಮುರಿದ," ಅಂದ. "ನೀವೆಲ್ಲ ನೋಡಿದ್ದೀರಿ."

"ನೋಡಿದ್ದೀವಿ," ಅಂದರು ಹಿಂದಿನಿಂದ.

"ಹದಿನಾಲ್ಕು ವರ್ಷದಲ್ಲಿ ಒಂದು ಶನಿವಾರ ತಪ್ಪಿಸಲಿಲ್ಲ. ಜ್ವರ ಇದ್ದಾಗಲೂ ಬಂದು ಕೆಟ್ಟವನಾದ. ಬೇರೆ ಬೇರೆ ಊರಿಂದ ಎಷ್ಟೋ ಜನ ನನ್ನ ಕಾಲು ಮುರಿಯೋಕೆ ಬಂದಿದ್ರು. ಅವರ ಕೈಲಿ ಆಗಲಿಲ್ಲ. ಡೆಲ್ಮರ್ ಗ್ರಿಗ್ಸ್ ಒಂದೇ ಏಟಿಗೆ ಮುರಿದ. ಅಂಥ ಇನ್ನೊಬ್ಬ ಈ ಟೆನೆಸಿಯಲ್ಲಿ ಹುಟ್ಟಿಲ್ಲ."

"ಆಮೆನ್," ಅಂದಳು ಮೊದಲ ಸಾಲಿನಲ್ಲಿದ್ದ ಒಬ್ಬ ಅಜ್ಜಿ. ಅವಳ ಎರಡೂ ಕೈ ಕೈಚೀಲದ ಹಿಡಿಯ ಮೇಲಿದ್ದವು.

ನೆಲ್ಡಾ ತಲೆ ತಗ್ಗಿಸಿ ಕೂತಿದ್ದಳು. ಅವಳಿಗೆ ಬೇಕಾಗಿದ್ದ ಮಾತು ಇದಲ್ಲ. ಹಾಲಿಸ್ ತನ್ನ ಜಾಗಕ್ಕೆ ಹಿಂದಿರುಗುವಾಗ ಪೆಟ್ಟಿಗೆಯ ಪಕ್ಕ ಒಂದು ಕ್ಷಣ ನಿಂತ. ಎಡಗೈಯ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದ. ಅದನ್ನು ನೆಲ್ಡಾ ನೋಡಿದಳು.

೯

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಹಾಲಿಸ್ ಹೊರಗೆ ಬಿಸಿಲಿನಲ್ಲಿ ನಿಂತಿದ್ದಾನೆ, ಮನೆ ಎರಡು ಮೈಲಿ. ನೆಲ್ಡಾ ಕಾರು ತಂದು ಅವನ ಮುಂದೆ ನಿಲ್ಲಿಸಿದಳು. ಅದೇ ಬ್ಯೂಕ್. ಡೆಲ್ಮರ್ ಅದನ್ನು ಮಾರಿರಲಿಲ್ಲ. ಚರ್ಚಿನ ಮೆಟ್ಟಿಲ ಮೇಲೆ ಅರವತ್ತು ಮುದುಕರು ಟೊಪ್ಪಿ ಕೈಯಲ್ಲಿ ಹಿಡಿದು ನೋಡುತ್ತಿದ್ದರು.

ನೆಲ್ಡಾ ಇಳಿದು ಬಂದು ಬಾಗಿಲು ತೆಗೆದಳು. ಅತ್ತಿದ್ದ ಕಣ್ಣು, ತುಟಿಯಲ್ಲಿ ಇನ್ನೇನೋ.

"ಬನ್ನಿ ಮಿಸ್ಟರ್ ಹಾಲಿಸ್," ಅಂದಳು ಮೆಲ್ಲಗೆ. "ಈ ಸಲ ಮುಂದೆ ಕೂತ್ಕೊಳ್ಳಿ."

ಕೂತುಕೊಳ್ಳಿ ಹಾಲಿಸ್, ಅಂತ ನಾನೂ ಬೇಡಿಕೊಂಡೆ. ಸೊಂಟ ನೋಯುತ್ತಿದೆ, ಬಿಸಿಲು ಸುಡುತ್ತಿದೆ. ನನಗೂ ಒಂದು ಮುಕ್ತಾಯ ಸಿಗಲಿ.

ಹಾಲಿಸ್ ಕಾರನ್ನು ನೋಡಿದ. ಹಿಂದಿನ ಸೀಟಿನ ಕೆಳಗೆ ನೋಡಿದ. ಮೆಟ್ಟಿಲ ಮೇಲಿದ್ದ ಜನರನ್ನು ನೋಡಿದ. ಆಮೇಲೆ ಸ್ಟುಡಿಯೋದ ಕೊನೆಯ ಬೆಂಚಿಗೂ ಕೇಳಿಸುವಂಥ ದನಿಯಲ್ಲಿ ಅಂದ:

"ಆ ಮನುಷ್ಯ ನನ್ನ ಕಾಲು ಮುರಿದವನು. ಅವನ ಕಾರಲ್ಲಿ ನಾನು ಯಾವತ್ತೂ ಕೂತಿಲ್ಲ. ಕೂರೋದೂ ಇಲ್ಲ."