ಅಮ್ಮನ ಹಲ್ಲು, ಗಂಟೆಯ ದನಿ

ಅಮ್ಮ ಎರಡನೇ ಸಲವೂ ಓಡಿಹೋದಳು. ಕ್ಲಿನಿಕ್ಕಿನ ಸರದಿ ಗಂಟೆ ಬೆಂಕಿ ಆರಿಸುವ ಗಾಡಿಯಂತೆ ಅರಚಿದ್ದೇ ತಡ, ಊದಿದ ಕೆನ್ನೆ ಹಿಡಿದುಕೊಂಡು ನೇರ ಬೀದಿಗೆ.

"ಪೆಂಗ್ವಿನ್, ಮತ್ತೆ ದನಿ ಏರಿಸಿದ್ಯಾ?" ಭಾವ ಒಳಗಿನಿಂದ ಇಣುಕಿದರು. ಅವರು ಹಲ್ಲಿನ ಡಾಕ್ಟರು. ರೋಗಿಗಳನ್ನು ಕರೆಯುವ ಮೇಜು ನನ್ನದು. ಅಲ್ಲಿ ಗಂಟೆ ಬಾರಿಸುವ ಕಂಪ್ಯೂಟರಿಗೆ ಪೆಂಗ್ವಿನ್ ಗುರುತಿನ ಲಿನಕ್ಸ್ ಹಾಕಿದ ದಿನದಿಂದ ನನಗೆ ಅದೇ ಹೆಸರು.

"ಕಾಲು ಭಾಗಕ್ಕೆ ಇಳಿಸಿಟ್ಟಿದ್ದೆ. ನೀವೇ ಕೈಯಾಡಿಸಿರ್ತೀರಿ."

"ನನ್ನ ಕೈ ಯಾವಾಗ್ಲೂ ಜನರ ಬಾಯಲ್ಲಿರುತ್ತಮ್ಮ." ಆಮೇಲೆ ನಗದೆ ಅಂದರು: "ನಾಳೆಯೂ ಓಡಿದ್ರೆ ಕೀವು ದವಡೆಗಿಳಿಯುತ್ತೆ. ಆಸ್ಪತ್ರೆನೇ ಗತಿ."

ಸಂಜೆ ದನಿಯ ಫಲಕ ತೆರೆದಿಟ್ಟು ಗಂಟೆ ಒತ್ತಿದೆ. ಮೇಲೆ ಇಡೀ ಕಂಪ್ಯೂಟರಿನ ದನಿ ಏರಿಸಿ ಇಳಿಸುವ ಮುಖ್ಯ ಪಟ್ಟಿ. ಕೆಳಗೆ ರೋಗಿಗಳಿಗೆಂದು ಹಾಕುವ ಹಾಡಿಗೊಂದು, ಗಂಟೆಗೊಂದು. ಗಂಟೆಯ ತಂತ್ರಾಂಶ ತನಗೆ ನೂರಕ್ಕೆ ನೂರು ಬೇಕೆಂದಿತು. ಮುಖ್ಯ ಪಟ್ಟಿಯೂ, ಯಾರ ಕೈ ಸೋಕದೆ, ಅದರ ಬೆನ್ನಿಗೇ ತುದಿಗೆ ಹಾರಿತು.

"ಥೇಟ್ ನಮ್ಮನೆ," ಭಾವ ಹಿಂದಿನಿಂದ ನೋಡುತ್ತಿದ್ದರು. "ನಿಮ್ಮಕ್ಕ ದನಿ ಎತ್ತಿದ್ರೆ ಮನೆಗೆ ಮನೆಯೇ ಎತ್ತುತ್ತೆ."

"ಅಕ್ಕನಿಗೆ ಹೇಳ್ಲಾ?"

"ಮೊದ್ಲು ಇದನ್ನ ಸರಿ ಮಾಡು, ತಾಯಿ."

ಲಿನಕ್ಸಿನಲ್ಲಿ ಸದ್ದು ನೋಡಿಕೊಳ್ಳುವ ಪಲ್ಸ್‌ಆಡಿಯೊದ ಸೆಟ್ಟಿಂಗ್ ಕಡತದಲ್ಲಿ 'ಫ್ಲ್ಯಾಟ್ ವಾಲ್ಯೂಮ್ಸ್' ಎಂಬ ಸಾಲಿತ್ತು. ಗಂಟೆಯ ಪಟ್ಟಿಗೂ ಮುಖ್ಯ ಪಟ್ಟಿಗೂ ಗಂಟು ಹಾಕಿದ್ದು ಅದೇ. ಅದರ ಮುಂದೆ 'ನೋ' ಎಂದು ಬರೆದು, ಪಲ್ಸ್‌ಆಡಿಯೊವನ್ನು ಮತ್ತೆ ಶುರುಮಾಡಿ, ಮುಖ್ಯ ಪಟ್ಟಿಯನ್ನು ಕಾಲು ಭಾಗಕ್ಕಿಳಿಸಿ, ಗಂಟೆ ಒತ್ತಿದೆ. ಮುಖ್ಯ ಪಟ್ಟಿ ಅಲುಗಲಿಲ್ಲ. ಲೋಟಕ್ಕೆ ಚಮಚ ತಾಗಿದಷ್ಟೇ ಸದ್ದು.

ಮರುದಿನ ಅಮ್ಮ, ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಬೀದಿ ಬಾಗಿಲಿನ ಪಕ್ಕದ ಕುರ್ಚಿಯನ್ನೇ ಹಿಡಿದಿದ್ದಳು. ಟಿಣ್. ಎದ್ದು ನಿಂತಳು. ಮತ್ತೆ ಕುಳಿತಳು.

"ಅಮ್ಮಾ, ನಿನ್ನ ಸರದಿ."

"ಗಂಟೆ ಕೇಳಿಸ್ಲೇ ಇಲ್ವಲ್ಲೇ."

"ಮತ್ತೆ ಎದ್ದಿದ್ಯಾಕೆ?"

"ಕಾಲು ಜೋಮು ಹಿಡಿದಿತ್ತು."

"ಬನ್ನಿ ಅತ್ತೆ," ಭಾವ ಬಾಗಿಲು ಹಿಡಿದು ನಿಂತರು. "ಗದ್ದಲವೂ ಇಲ್ಲ, ನೆಪವೂ ಇಲ್ಲ."

ಅಮ್ಮ ನನ್ನನ್ನು ನುಂಗುವಂತೆ ನೋಡಿ ಒಳಗೆ ಹೋದಳು. ತುಸು ಹೊತ್ತಿಗೇ ಕೂಗು ಬಂತು: "ಹಾಡು ಜೋರು ಮಾಡೇ! ಅಳಿಯಂದಿರ ಇಕ್ಕಳದ ಸದ್ದು ನನಗೆ ಕೇಳಿಸಬಾರದು!"

ಹಾಡಿನ ಪಟ್ಟಿಯನ್ನು ತುದಿಗೆಳೆದೆ. ಅದೊಂದೇ ಏರಿತು.

"ಇನ್ನೂ!"

ಮುಖ್ಯ ಪಟ್ಟಿಗೇ ಕೈ ಹಾಕಿದೆ. ಈ ಸಲ ಮಾತ್ರ ಏರಿಸಿದ್ದು ನಾನೇ. ಹಲ್ಲು ತಟ್ಟೆಗೆ ಬಿದ್ದದ್ದು ನನಗೂ ಕೇಳಿಸಲಿಲ್ಲ.