ಅಜ್ಜನಿಗೆ ಗುರುತು ಸಿಗಬೇಕು

ಕ್ರಿಸ್‌ಮಸ್‌ನ ಮಾರನೆಯ ದಿನ ಕಲ್ಲಿನ ಕಿಡಿಯಿಂದ ಸಿಡಿಯುವ ಹಳೇ ಚಕಮಕಿ ಕೋವಿಯ ಬೇಟೆ ಶುರು. ಅದಕ್ಕೆ ಎರಡು ದಿನ ಮುಂಚಿನಿಂದಲೇ ನನಗೆ ನಿದ್ದೆ ಹತ್ತುವುದಿಲ್ಲ. ಮಗ್ಗುಲು ಬದಲಿಸಿದ್ದು ಸಾಕು ಎಂದು ಹೆಂಡತಿ ಬೇರೆ ಕೋಣೆಗೆ ಅಟ್ಟುತ್ತಾಳೆ. ಪೆನ್ಸಿಲ್ವೇನಿಯಾದ ಬೆಟ್ಟದಲ್ಲಿ ನಮ್ಮದು ನಾಲ್ಕು ಜನರ ಕ್ಯಾಂಪು: ನಾನು, ಅಂದರೆ ಮರ್ಲ್; ಶಾಲೆಯ ದಿನಗಳ ಗೆಳೆಯ ಎಲ್ವುಡ್; ಮತ್ತೆ ಬ್ರುಬೇಕರ್ ಅಣ್ಣತಮ್ಮಂದಿರು. ಕ್ಯಾಂಪಿಗೆ ಒಂದೇ ಕಟ್ಟಳೆ, ಅದನ್ನು ಕಾಯುವವನು ನಾನು. ನನ್ನಜ್ಜ ಗೋರಿಯಿಂದ ಎದ್ದುಬಂದು ನೋಡಿದರೆ ಗುರುತು ಸಿಗದಂಥದ್ದು ಯಾವುದೂ ಕೋವಿಯ ಮೇಲಿರಕೂಡದು.

ಈ ಕಟ್ಟಳೆ ಸುಮ್ಮನೆ ಹುಟ್ಟಿದ್ದಲ್ಲ. ಪ್ಲಾಸ್ಟಿಕ್ ಹಿಡಿ, ಮೇಲೊಂದು ದುರ್ಬೀನು, ಒಳಗೆ ಹೊಸ ಕಾಲದ ಯಂತ್ರ ಇಟ್ಟುಕೊಂಡು, ನಳಿಗೆಯ ಬಾಯಿಂದ ಮದ್ದು ತುಂಬುತ್ತೇವೆ ಎನ್ನುವ ಒಂದೇ ಕಾರಣಕ್ಕೆ ತಮ್ಮದೂ ಹಳೇ ಕೋವಿ ಎನ್ನುವವರು ಬೇಕಾದಷ್ಟು ಜನ ಇದ್ದಾರೆ. ಅಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಾಗಾಗಿ ಬೇಟೆಯ ದಿನ ಬೆಳಿಗ್ಗೆ ನಾಲ್ಕು ಕೋವಿಗಳನ್ನೂ ಊಟದ ಮೇಜಿನ ಮೇಲೆ ಮಲಗಿಸಿ ನಾನೇ ತಪಾಸಣೆ ಮಾಡುತ್ತೇನೆ.

ಈ ಸಲ ಎಲ್ವುಡ್‌ನ ಕೋವಿಗೆ ಕೈ ಹಾಕಿದವನು ಅಲ್ಲೇ ನಿಂತೆ. ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿ ಒಂದು ಕಬ್ಬಿಣದ ಮೊನೆ ಇರುತ್ತದಲ್ಲ, ಅದರ ಜಾಗದಲ್ಲಿ ಹಸಿರು ಚುಕ್ಕಿಯೊಂದು ಹೊಳೆಯುತ್ತಿತ್ತು. ಪ್ಲಾಸ್ಟಿಕ್. ಇದೇನಿದು ಎಂದು ಕೇಳಿದೆ. ಕಣ್ಣಿಗೆ ಪೊರೆ ಬಂದಿದೆ, ಕಬ್ಬಿಣದ ಮೊನೆ ಮಬ್ಬಾಗಿ ಕಾಣುತ್ತದೆ, ಆಪರೇಷನ್ ಮಾರ್ಚಿಗೆ, ಇದನ್ನು ಸರ್ಕಾರದ ಕಾನೂನೂ ಒಪ್ಪುತ್ತದೆ ಎಂದು ಎಲ್ವುಡ್ ಮೆತ್ತಗೆ ಹೇಳಿದ. ಸರ್ಕಾರ ಏನು ಬೇಕಾದರೂ ಒಪ್ಪಲಿ, ಈ ಮೇಜು ಒಪ್ಪುವುದಿಲ್ಲ ಎಂದೆ. ಬ್ರುಬೇಕರ್ ಅಣ್ಣತಮ್ಮಂದಿರು ತಲೆ ತಗ್ಗಿಸಿ ಹುರಿದ ಹಂದಿಮಾಂಸದ ಸ್ಕ್ರ್ಯಾಪಲ್ ತಿನ್ನುತ್ತಿದ್ದರು. ಬಾಯಿ ತುಂಬಿದ್ದವರಿಗೆ ಅಭಿಪ್ರಾಯ ಇರುವುದಿಲ್ಲ.

ಎಲ್ವುಡ್ ನನ್ನ ಕೋವಿಯತ್ತ ಬೆರಳು ತೋರಿಸಿದ. "ಹಾಗಾದ್ರೆ ನಿನ್ನ ಮೊನೆ ಯಾಕೆ ಬೆಳ್ಳೀದು? ನಿಮ್ಮಜ್ಜಂಗೆ ಕಣ್ಣು ಮಂಜಾದಾಗ ನಾಣ್ಯ ಕತ್ತರಿಸಿ ಕೂರಿಸ್ಕೊಂಡಿದ್ದು ತಾನೇ?"

"ಬೆಳ್ಳಿ ಅವಾಗ್ಲೂ ಇತ್ತು ಕಣೋ. ಪ್ಲಾಸ್ಟಿಕ್ ಇತ್ತಾ?"

"ನಿನ್ನ ಕನ್ನಡಕ ಇತ್ತಾ?"

"ಅದು ಮೂಗಿನ ಮೇಲಿದೆ, ಕೋವಿ ಮೇಲಲ್ಲ."

ಬ್ರುಬೇಕರ್‌ಗಳಲ್ಲಿ ಕಿರಿಯವನು ಕಿಸಕ್ಕೆಂದ. ಆ ನಗು ನನ್ನನ್ನು ಇನ್ನಷ್ಟು ಉಬ್ಬಿಸಿತು. ಈ ಚುಕ್ಕಿ ಬೇಕೇಬೇಕು ಅಂತಿದ್ದರೆ ಬೇರೆ ಕ್ಯಾಂಪು ನೋಡಿಕೋ ಎಂದುಬಿಟ್ಟೆ. ನಲವತ್ತು ವರ್ಷ ಜೊತೆಗೆ ಬೇಟೆಯಾಡಿದವನಿಗೆ ಹೇಳುವ ಮಾತೇ ಅದು? ಎಲ್ವುಡ್ ಚುಕ್ಕಿಯನ್ನು ಕಿತ್ತು, ಹಳೆಯ ಕಬ್ಬಿಣದ ಮೊನೆಯನ್ನು ಬಡಿದು ಕೂರಿಸಿದ. ಗೆದ್ದೆ ಎಂದುಕೊಂಡೆ.

ಮಧ್ಯಾಹ್ನ ಎಲ್ವುಡ್ ಇಳಿಜಾರಿನ ಬುಡದಲ್ಲಿ ಕಾದು ನಿಂತ, ನಾನು ಮೇಲಿನಿಂದ ಪೊದೆ ಸವರುತ್ತ ಜಿಂಕೆಗಳನ್ನು ಅವನತ್ತ ಎಬ್ಬಿಸುತ್ತ ಬಂದೆ. ಒಂದು ಗಂಟೆಗೆ ಅವನ ಕೋವಿ ಢಮಾರ್ ಎಂದಿತು. ಓಡಿಹೋದೆ. ಹೊಗೆಯ ನಡುವೆ ಬಗ್ಗಿ ಹಿಮದ ಮೇಲಿನ ರಕ್ತವನ್ನು ಬೆರಳಿಗೆ ಹಚ್ಚಿಕೊಂಡು ಮೂಸುತ್ತಿದ್ದ. ಅವನ ಮುಖ ನೋಡಿದೊಡನೆಯೇ ನನಗೆ ಗೊತ್ತಾಯಿತು. ರಕ್ತದ ಜೊತೆ ಅರೆದ ಎಲೆಯ ಹಸಿರು ಚೂರುಗಳಿದ್ದವು. ಹೆಗಲಿಗೆ ಬೀಳಬೇಕಾದ ಗುಂಡು ಹೊಟ್ಟೆಗೆ ಬಿದ್ದಿತ್ತು.

ಹೊಟ್ಟೆಗೆ ಬಿದ್ದರೆ ನಾಲ್ಕು ಗಂಟೆ ಹೊತ್ತು ಬಿಟ್ಟು ಹಿಂದೆ ಹೋಗಬೇಕು. ಇಲ್ಲದಿದ್ದರೆ ಗಾಯಗೊಂಡ ಜಿಂಕೆ ಎದ್ದು ಎದ್ದು ದೂರ ಓಡುತ್ತದೆ. ಆದರೆ ಹಿಮ ಬೀಳತೊಡಗಿತ್ತು, ಕಾದರೆ ಹೆಜ್ಜೆ ಮುಚ್ಚಿಹೋಗುತ್ತದೆ. ಕೂರುವುದೋ ಹೋಗುವುದೋ? ಎಲ್ವುಡ್ ಹತ್ತು ಹೆಜ್ಜೆ ಹೋಗುತ್ತಿದ್ದ, ನಿಲ್ಲುತ್ತಿದ್ದ, ತಿರುಗಿ ಬರುತ್ತಿದ್ದ. ಕೊನೆಗೆ ಹೊರಟೆವು. ದಾರಿಯುದ್ದಕ್ಕೂ ಅವನದು ಒಂದೇ ಗೊಣಗಾಟ. ಕೈ ನಡುಗಲಿಲ್ಲ ಮರ್ಲ್, ಮೊನೆ ಕಾಣಲಿಲ್ಲ, ಕಂಡಿತು ಅಂದುಕೊಂಡೆ.

ಹೊಳೆಯ ಹತ್ತಿರದ ಹೆಮ್ಲಾಕ್ ಮರದಡಿ ಅದು ಸಿಕ್ಕಿತು. ಹೆಣ್ಣು ಜಿಂಕೆ. ಮೂವತ್ತು ಹೆಜ್ಜೆ ದೂರದಲ್ಲಿ ಮಲಗಿ, ಕತ್ತೆತ್ತಿ ನಮ್ಮನ್ನೇ ನೋಡುತ್ತಿತ್ತು.

"ನೀನೇ ಹೊಡಿ," ಎಲ್ವುಡ್ ಪಿಸುಗುಟ್ಟಿದ. "ಇನ್ನೊಂದ್ಸಲ ಅದಕ್ಕೆ ನೋವು ಮಾಡಕ್ಕೆ ನನ್ನ ಕೈಲಾಗಲ್ಲ."

ಕೋವಿ ಎತ್ತಿದೆ. ಬೆಳ್ಳಿಯ ಮೊನೆ ಸ್ವಚ್ಛವಾಗಿ ಕಂಡಿತು. ಟ್ರಿಗರ್ ಎಳೆದೆ. ಕಲ್ಲು ಕಿಡಿ ಕಾರಿತು, ಕೋವಿಯ ಪಕ್ಕದ ಪುಟ್ಟ ಬಟ್ಟಲಿನ ಮದ್ದು ಭುಸ್ಸೆಂದಿತು, ಅಷ್ಟೇ. ನಳಿಗೆಯೊಳಗಿನ ಮದ್ದು ಹಿಮದ ತೇವ ಹೀರಿ ಸತ್ತಿತ್ತು. ಹಳೇ ಕೋವಿ ಎಂದಮೇಲೆ ಹೀಗೆಲ್ಲ ಇದ್ದದ್ದೇ ಎಂದು ನಗುತ್ತ ಎಷ್ಟು ಸಲ ಹೇಳಿದ್ದೇನೆ ನಾನು. ಆ ಸದ್ದಿಗೆ ಜಿಂಕೆ ಎದ್ದು, ಹಿಂಗಾಲು ಎಳೆದುಕೊಂಡು ಹೊಳೆ ದಾಟಿತು. ಕತ್ತಲಾಗುವವರೆಗೂ ಹುಡುಕಿದೆವು. ಹಿಮ ಎಲ್ಲ ಗುರುತನ್ನೂ ನುಂಗಿಬಿಟ್ಟಿತ್ತು.

ಮರುದಿನ ಬೆಳಕು ಹರಿಯುವ ಮೊದಲೇ ಒಬ್ಬನೇ ಹೋದೆ. ನಾವು ತಿರುಗಿ ಬಂದ ಜಾಗದಿಂದ ಇನ್ನೂರು ಹೆಜ್ಜೆಯೂ ಇರಲಿಲ್ಲ. ಜಿಂಕೆ ಬಿದ್ದ ಮರದ ಮಗ್ಗುಲಲ್ಲಿ ಸತ್ತು ಬಿದ್ದಿತ್ತು. ಸುತ್ತ ಮೂರು ಕಡೆ ಮಲಗಿ ಎದ್ದ ಗುಳಿಗಳಿದ್ದವು. ತೋಳದಂಥ ಕೊಯೋಟೆಗಳು ಅರ್ಧ ತಿಂದಿದ್ದವು. ಬರುವಾಗ ದಾರಿಯಲ್ಲಿ ಒಂದು ಸುಳ್ಳನ್ನು ಹೊಂದಿಸಿಕೊಂಡೆ: ಗುಂಡು ಸವರಿಕೊಂಡು ಹೋಗಿದೆ, ಜಿಂಕೆ ಬದುಕಿದೆ.

ಎಲ್ವುಡ್ ಮೇಜಿನ ಮುಂದೆ ಕೋಟು ಹಾಕಿಕೊಂಡೇ ಕೂತಿದ್ದ. ಸಿಕ್ಕಿತಾ ಎಂದ. ಆ ಮುಖ ನೋಡಿಕೊಂಡು ಸುಳ್ಳು ಹೇಳಲಾಗಲಿಲ್ಲ. ಸಿಕ್ಕಿತು, ರಾತ್ರಿಯೆಲ್ಲ ನರಳಿ ಸತ್ತಿದೆ ಎಂದೆ.

"ಹಸಿರು ಚುಕ್ಕಿ ಇದ್ದಿದ್ರೆ?"

"ನಿಂತಲ್ಲೇ ಬೀಳ್ತಿತ್ತು. ತಪ್ಪು ನಂದು ಎಲ್ವುಡ್. ನಿನ್ನ ಕಣ್ಣಿನದ್ದಲ್ಲ."

ಬ್ರುಬೇಕರ್ ಅಣ್ಣತಮ್ಮಂದಿರೂ ಕೇಳಿಸಿಕೊಂಡರು. ಎಲ್ವುಡ್ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಜೇಬಿನಿಂದ, ಒಂದು ಜಿಂಕೆ ಹೊಡೆಯಲು ಸರ್ಕಾರ ಕೊಡುವ ಈ ವರ್ಷದ ಚೀಟಿ ತೆಗೆದ. ಮಾಂಸ ದಕ್ಕದಿದ್ದರೂ ಜೀವ ತೆಗೆದವನು ತನ್ನ ಚೀಟಿಯನ್ನು ಅದರ ಕಿವಿಗೆ ಕಟ್ಟಬೇಕು, ಅದು ಅವನ ನಿಯಮ. ಚೀಟಿಯಲ್ಲಿ ಬರೆಯುವ ಚೌಕಗಳು ಸಣ್ಣವು, ನನಗೆ ಕಾಣುವುದಿಲ್ಲ, ನೀನೇ ತುಂಬಿಸು ಎಂದು ನನ್ನತ್ತ ತಳ್ಳಿದ.

ಊರು ಬರೆದೆ. ಹೆಣ್ಣು ಎಂದು ಬರೆದೆ. ಮುಂದಿನ ಚೌಕದಲ್ಲಿ, ಕೊಂದ ದಿನ ಮತ್ತು ಗಂಟೆ ಎಂದಿತ್ತು. ಒಂದು ಗಂಟೆಗೆ ಅದು ಸತ್ತಿರಲಿಲ್ಲ. ಸೂರ್ಯ ಮುಳುಗಿದಾಗಲೂ ಸತ್ತಿರಲಿಲ್ಲ.

"ಬರೆದಾಯ್ತಾ?" ಎಂದ ಎಲ್ವುಡ್, ಕಣ್ಣು ಕಿರಿದು ಮಾಡಿ ಚೀಟಿಯತ್ತ ಬಗ್ಗುತ್ತ.

ಪೆನ್ನು ಹಿಡಿದು ಕೂತೇ ಇದ್ದೆ. ಏನೆಂದು ಬರೆಯಲಿ, ನನಗೆ ಗೊತ್ತಾಗಲಿಲ್ಲ.