ರಿಂಗಿನ ಬಲಗಡೆಯ ಮೆಕ್ಕೆಜೋಳ

“ಆಕೀನ್ನ ಈ ಸಲ ಬೆಂಚಿನ ಮ್ಯಾಲೆ ಕುಂದರ್ಸಿಬಿಡ್ರಿ ಸರ. ನಿಮಗ ಹೇಳಾಕ ಬಾಯಿ ಬರದಿದ್ರ ನಾನು ಹೇಳ್ತೀನಿ,” ಎಂದರು ಅರುಣಕುಮಾರ್, ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಎರಡನೇ ಚಹಾಕ್ಕೆ ಬೆರಳು ತೋರಿಸುತ್ತಾ.

ಭೀಮೇಶ್ ಮಂಡಕ್ಕಿಯ ಜೊತೆ ಬಂದಿದ್ದ ಮಿರ್ಚಿಯನ್ನು ನಾಲ್ಕು ತುಂಡು ಮಾಡಿದ್ದರು. ಒಂದನ್ನೂ ಬಾಯಿಗಿಟ್ಟಿರಲಿಲ್ಲ.

“ಬೊಮ್ಮನಳ್ಯಾಗ ನಿನ್ನೆ ಸಮತಾ ಹಾಕಿದ್ದು ಎಷ್ಟು? ಇಡೀ ಮ್ಯಾಚಿಗೆ ನಾಕು ಪಾಯಿಂಟು. ಆ ತೆಲಿಗಿ ಊರಿನ ಹುಡುಗಿ ಶಿವಲೀಲಾ ಹತ್ತು ನಿಮಿಷದಾಗ ಹನ್ನೊಂದು ಹಾಕ್ಯಾಳ. ಆಕಿ ಇದ್ದದ್ದಕ್ಕ ಗೆದ್ವಿ. ಇಲ್ಲಂದ್ರ ಹೊಳ್ಳಿ ಬರೋ ಬಸ್ಸಿನ್ಯಾಗ ಯಾರೂ ಮಾತಾಡ್ತಿರ್ಲಿಲ್ಲ.”

“ಸಮತಾ ರೀ ಆಕಿ,” ಎಂದರು ಭೀಮೇಶ್, ಆ ಹೆಸರೇ ಒಂದು ಉತ್ತರ ಎನ್ನುವ ಹಾಗೆ.

ಅರುಣಕುಮಾರ್ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವವರು. ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಮ್ಯಾನೇಜರ್ ಅಂತ ಒಬ್ಬರ ಹೆಸರು ಬೇಕಿತ್ತು, ಅವರ ಹೆಸರು ಬಿತ್ತು. ಆಟದ ನಿಯಮ ಅವರಿಗೆ ಅರ್ಧ ಗೊತ್ತು, ಅಂಕಿಗಳು ಪೂರ್ತಿ ಗೊತ್ತು. ಭೀಮೇಶ್ ದೈಹಿಕ ಶಿಕ್ಷಣದವರು, ಮಕ್ಕಳ ಬಾಯಲ್ಲಿ ಪಿ.ಡಿ. ಸರ್. ಅವರದು ಉಲ್ಟಾ. ಅಂಕಿ ಮರೆಯುತ್ತಾರೆ, ಹುಡುಗಿಯರು ಯಾವ ದಿನ ಯಾವ ಮುಖ ಹೊತ್ತು ಬಂದಿದ್ದರೆಂದು ಮರೆಯುವುದಿಲ್ಲ.

ಸಮತಾ ಮೂರು ವರ್ಷದ ಹಿಂದೆ ಮೊದಲ ದಿನ ಬಂದಾಗ ಚಪ್ಪಲಿಯಲ್ಲೇ ಓಡಿದ್ದಳು. ಬಲಗಡೆಯಿಂದ ನುಗ್ಗಿ, ಇಬ್ಬರ ನಡುವೆ ಸೂಜಿಗೆ ದಾರ ಪೋಣಿಸಿದ ಹಾಗೆ ದಾಟಿ, ಬೋರ್ಡಿಗೆ ಮುಟ್ಟಿಸಿ ಚೆಂಡನ್ನು ರಿಂಗಿನೊಳಗೆ ಇಳಿಸಿದ್ದಳು. ಒಂದು ಚಪ್ಪಲಿ ಕೋರ್ಟಿನ ನಡುವೆಯೇ ಬಿದ್ದಿತ್ತು. ಅವತ್ತಿನಿಂದ ಭೀಮೇಶ್ ಅವಳನ್ನು ಒಂದು ಪಂದ್ಯದಲ್ಲೂ ಕೂರಿಸಿರಲಿಲ್ಲ. ಅವಳಪ್ಪ ಪಕ್ಕೀರಪ್ಪ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಮಗಳು ವಿಶ್ವವಿದ್ಯಾಲಯದ ತಂಡ ಸೇರಿದರೆ ಆ ಸರ್ಟಿಫಿಕೇಟಿನ ಮೇಲೆ ಪೊಲೀಸ್ ನೌಕರಿಗೆ ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕಬಹುದು ಎಂದು ಅಪ್ಪ ಮಗಳು ಲೆಕ್ಕ ಹಾಕಿಕೊಂಡಿದ್ದರು. ಈಗ ಅವಳಿಗೆ ಕಡೇ ವರ್ಷ. ಶನಿವಾರ ಹಡಗಲಿಯಲ್ಲಿ ಸೆಮಿಫೈನಲ್. ಆಯ್ಕೆ ಮಾಡುವವರು ಬಂದು ಕೂರುವುದು ಅದಕ್ಕೇ. ಅಲ್ಲಿ ಕಾಣಿಸಿಕೊಳ್ಳದವಳ ಹೆಸರು ಪಟ್ಟಿಗೆ ಹತ್ತುವುದಿಲ್ಲ.

ಇಂಥ ಹೊತ್ತಿಗೇ ಅವಳ ಆಟ ಕೈಕೊಟ್ಟಿತ್ತು. ಚೆಂಡು ಹಿಡಿದು ಗಾಳಿಯ ಹಾಗೆ ಹೊರಡುತ್ತಾಳೆ. ರಿಂಗಿಗೆ ಇನ್ನೆರಡು ಹೆಜ್ಜೆ ಇದೆ ಎನ್ನುವಾಗ ತಟ್ಟನೆ ನಿಲ್ಲುತ್ತಾಳೆ. ನಿಂತ ಮೇಲೆ ಎಸೆಯುತ್ತಾಳೆ, ಅಷ್ಟರಲ್ಲಿ ಎದುರಿನವಳ ಕೈ ಮುಖದ ಮುಂದೆ ಬಂದಿರುತ್ತದೆ.

ಭೀಮೇಶ್ ಕಾರಣ ಹುಡುಕಿ ಸೋತಿದ್ದರು. ಮೊಣಕಾಲು ನೋಡಿಸಿದ್ದರು. ಒಂದು ಸಂಜೆ ಬಹಳ ಮುಜುಗರದಿಂದ ಕೇಳಿಯೂ ಇದ್ದರು. “ಮನ್ಯಾಗ ಗಂಡು ಗಿಂಡು ನೋಡಾಕ ಹತ್ಯಾರೇನವ್ವ?”

“ನೋಡಿದ್ರ ನಿಮಗ ಹೇಳ್ದ ಬಿಡ್ತೀನೇನ್ರಿ ಸರ? ಮೊದ್ಲು ಬ್ಯಾಡ ಅನ್ನಾಕ ನಿಮ್ಮನ್ನ ಕಳಸ್ತೀನಿ,” ಎಂದು ನಕ್ಕಿದ್ದಳು. ನಗು ಸರಿಯಾಗಿಯೇ ಇತ್ತು. ಕೆಟ್ಟಿದ್ದು ಆಟ ಮಾತ್ರ.

ಚಹಾ ಮುಗಿಸಿ ಇಬ್ಬರೂ ಕಾಲೇಜಿಗೆ ಬಂದಾಗ ಹುಡುಗಿಯರು ಅಭ್ಯಾಸಕ್ಕೆ ಇಳಿದಿದ್ದರು. ಅಭ್ಯಾಸವೆಂದರೆ ಕೋರ್ಟಿನ ಮೂಲೆಯೊಂದರಲ್ಲಿ. ದಸರೆ ಕಳೆದು ಮೆಕ್ಕೆಜೋಳ ಕೈಗೆ ಬಂದರೆ ಈ ಕಡೆ ಒಣಗಿಸಲು ಜಾಗ ಸಿಗುವುದಿಲ್ಲ. ಅರ್ಧ ಡಾಂಬರು ರಸ್ತೆಯ ಮೇಲೂ ಹಳದಿ ಹಾಸಿರುತ್ತಾರೆ. ಕಾಲೇಜಿನ ಅಟೆಂಡರ್ ಹಂಪಕ್ಕ ಬಂದು “ಸರ, ನಾಕು ದಿನ ಆ ಕಡೀ ರಿಂಗಿನ ತೆಳಗ ಹಾಕ್ಕೊಂತೀನ್ರಿ, ಸಿಮಿಟು ಚಲೋ ಕಾಯ್ತೈತಿ” ಎಂದಾಗ ಭೀಮೇಶ್ ಹೂಂ ಎಂದಿದ್ದರು. ಒಬ್ಬರಿಗೆ ಹೂಂ ಅಂದ ಮೇಲೆ ಇನ್ನೊಬ್ಬರಿಗೆ ಊಹೂಂ ಅನ್ನಲು ಅವರಿಗೆ ಬರುತ್ತಿರಲಿಲ್ಲ. ನಾಲ್ಕು ದಿನ ಆರು ವಾರವಾಗಿತ್ತು. ಆ ಕಡೆಯ ಅರ್ಧ ತುಂಬಿ, ಜೋಳ ನಡುಗೆರೆ ದಾಟಿ, ಈ ಕಡೆಯ ರಿಂಗಿನ ಬಲಭಾಗವನ್ನೂ ಪಟ್ಟಿಯಂತೆ ಹಿಡಿದಿತ್ತು.

ಹಂಪಕ್ಕ ಸೀರೆ ಎತ್ತಿ ಸಿಕ್ಕಿಸಿಕೊಂಡು, ಜೋಳದಲ್ಲಿ ಕಾಲೆಳೆಯುತ್ತಾ ಸಾಲು ಮಾಡಿ ತಿರುವುತ್ತಿದ್ದಳು.

“ಬರ್ರಿ ಸರ,” ಎಂದಳು. “ನಿಮ್ಮ ಹುಡುಗ್ಯಾರಾಗ ಬುದ್ಧಿ ಇದ್ದಾಕಿ ಅಂದ್ರ ಸಮತಾ ಒಬ್ಬಾಕೀನ. ಉಳಿದವು ಆಡುಮರಿ ಇದ್ದಂಗ ಅದಾವ, ಬೂಟುಗಾಲಾಗ ಜ್ವಾಳಾನ ತುಳೀತಾವ. ಮೊದಲ್ನೇ ದಿನ ಈಕೀಗೆ ಕಾಲು ಮುರೀತೀನಿ ಅಂತ ಒಂದಾ ಮಾತು ಅಂದೆ. ಅವತ್ತಿಂದ ಒಂದು ಕಾಳು ತುಳಿದಿಲ್ಲ. ನೋಡ್ರಿ, ನೋಡ್ರಿ, ಬಂದ್ಲು. ಹಂಪ್ ಕಂಡ ಬಸ್ಸಿನಂಗ ನಿಂತ್ಲು.”

ಸಮತಾ ನಿಂತಿದ್ದಳು. ಜೋಳದ ಅಂಚಿಗೆ ಅಂಗೈ ಅಗಲದ ದೂರ ಬಿಟ್ಟು.

ಭೀಮೇಶ್ ಜೋಳದ ಅಂಚಿನ ತನಕ ನಡೆದು ಬಂದರು. ಆಮೇಲೆ ಸೀಟಿ ಊದಿ ಅವಳನ್ನು ಕರೆದರು.

“ಎಷ್ಟು ದಿನದಿಂದ ಬಲಕ್ಕ ಹೋಗಿಲ್ಲವ್ವ ನೀನು?”

“ದಿನಾ ಹೋಗ್ತೀನಲ್ರಿ.”

“ಹೋಗ್ತೀ, ನಿಲ್ತೀ. ನಿನ್ನೆ ಬೊಮ್ಮನಳ್ಯಾಗ ನಿಂತಿದ್ದು ಯಾಕ? ಅಲ್ಲೇನು ಜ್ವಾಳ ಹಾಕಿದ್ರೇನು?”

ಸಮತಾ ಜೋಳ ನೋಡಿದಳು, ರಿಂಗ್ ನೋಡಿದಳು. ಹುಡುಗಿಯರೆಲ್ಲ ಒಮ್ಮೆಲೇ ನಕ್ಕರು. ಶಿವಲೀಲಾ ಅಂತೂ ಹೊಟ್ಟೆ ಹಿಡಿದುಕೊಂಡು ಕೂತೇಬಿಟ್ಟಳು. ಅವಳು ಎಡಚಿ. ಎಡಗಡೆ ಉಳಿದ ಜಾಗವೇ ಅವಳಿಗೆ ಹೇಳಿ ಮಾಡಿಸಿದಂತಿತ್ತು. ಸಮತಾ ಕೂಡ ನಗಲು ಹೋದಳು, ಅರ್ಧಕ್ಕೇ ಬಾಯಿ ಮುಚ್ಚಿದಳು.

“ಅಯ್ಯ ನನ್ನವ್ವ, ನಾನು ಬಾಯಿಮಾತಿಗೆ ಅಂದಿದ್ದೆ,” ಎಂದಳು ಹಂಪಕ್ಕ. ಬೈಸಿಕೊಂಡವಳ ಹಾಗೆ ಆಗಲೇ ಕಸಬರಿಗೆ ಹಿಡಿದಿದ್ದಳು.

ಅವತ್ತು ಸಂಜೆ ಎಲ್ಲರೂ ಸೇರಿ ಬಲಗಡೆಯ ಜೋಳವನ್ನು ಆ ಕಡೆಗೆ ಗುಡ್ಡೆ ಹಾಕಿದರು. ಅರುಣಕುಮಾರರೂ ತೋಳು ಮಡಚಿ ಬುಟ್ಟಿ ಹಿಡಿದರು. ಜಾಗ ಬರಿದಾಯಿತು. ಸಮತಾ ಓಡಿ ಬಂದಳು, ಅದೇ ಜಾಗದಲ್ಲಿ ನಿಂತಳು. ಮತ್ತೆ ಬಂದಳು, ಮತ್ತೆ ನಿಂತಳು. ಮಾರನೇ ದಿನ ಶುಕ್ರವಾರ ಬೆಳಿಗ್ಗೆಯೂ ಬಂದಳು, ಸಂಜೆಯೂ ಬಂದಳು. ಹತ್ತು ಸಲಕ್ಕೆ ಎರಡು ಸಲ ದಾಟಿದಳು. ಎಂಟು ಸಲ ಇಲ್ಲದ ಜೋಳಕ್ಕೆ ಹೆದರಿ ಪಾದ ತಾನೇ ಬ್ರೇಕ್ ಹಾಕಿತು.

“ಸರ, ನನಗ ಹೋಗಬೇಕಂತ ಐತಿ. ಕಾಲು ಕೇಳವೊಲ್ದು,” ಎಂದಳು.

“ರೋಗ ಗೊತ್ತಾತು,” ಎಂದರು ಅರುಣಕುಮಾರ್ ಗೇಟಿನ ಬಳಿ, ದನಿ ತಗ್ಗಿಸಿ. “ವಾಸಿ ಆಗಾಕ ವಾರ ಬೇಕು. ನಮ್ಮ ಹತ್ರ ಒಂದು ರಾತ್ರಿ ಐತಿ. ಎದುರಾಡೋ ಹಡಗಲಿಯವ್ರಿಗೂ ಕಣ್ಣು ಅದಾವ ಸರ.”

ಭೀಮೇಶರ ಚಿಂತೆ ಅದಲ್ಲ. ಕಾರಣ ಗೊತ್ತಿಲ್ಲದಿದ್ದಾಗ ಅವಳನ್ನು ಕೂರಿಸುವುದು ಕಷ್ಟವಿತ್ತು, ಗೊತ್ತಾದ ಮೇಲೆ ಇನ್ನೂ ಕಷ್ಟವಾಯಿತು. ಹೂಂ ಅಂದ ಬಾಯಿ ತಮ್ಮದು.

ಶನಿವಾರ ಬೆಳಗಿನ ಹಡಗಲಿ ಬಸ್ಸಿನಲ್ಲಿ ಅವರು ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು, ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದರು. ಮೂರನೇ ಸಲ ಜೋಡಿಸುವಾಗ ಸಮತಾ ಹಿಂದಿನಿಂದ ಎದ್ದು ಬಂದು ಪಕ್ಕದಲ್ಲಿ ಕೂತಳು.

“ಒಂದು ಕೇಳ್ತೀನಿ ಸರ. ಸುಳ್ಳು ಹೇಳಬಾರ್ದು.”

“ಕೇಳವ್ವ.”

“ನನ್ನ ಕುಂದರಸ್ತೀರಿ, ಹೌದಿಲ್ಲೋ?”

ಜೋಡಿಸಿದ್ದೆಲ್ಲ ಬಿದ್ದುಹೋಯಿತು. “ಹೌದು,” ಎಂದರು. “ಮೊದ್ಲು ಶಿವಲೀಲಾ ಇಳೀತಾಳ. ನೀನು ಆಮ್ಯಾಲೆ.”

“ಆಮ್ಯಾಲೆ ಅಂದ್ರ ಯಾವಾಗ?”

“ನನಗ ಗೊತ್ತಿಲ್ಲ.”

ಅವಳು ಕಿಟಕಿಯ ಕಡೆ ತಿರುಗಿದಳು. “ಜ್ವಾಳ ಹಾಕಾಕ ಹೂಂ ಅಂದವ್ರು ನೀವು.”

“ಹೌದವ್ವ. ತಪ್ಪು ನಂದು, ಕುಂದರಾಕಿ ನೀನು. ನ್ಯಾಯ ಅಲ್ಲ ಅಂತ ನನಗೂ ಗೊತ್ತೈತಿ. ಆದ್ರ ನನ್ನ ತಪ್ಪಿಗೆ ನಾನು ಉಳಿದ ನಾಕು ಹುಡುಗ್ಯಾರ ಆಟ ತಗದು ನಿನ್ನ ಕೈಯಾಗ ಕೊಡಾಕ ಆಗಂಗಿಲ್ಲ. ಅವ್ರೂ ಮೂರು ವರ್ಷ ಓಡ್ಯಾರ.”

ಕಂಡಕ್ಟರ್ ಬಂದು ಹೋದ. ಎರಡು ಸ್ಟಾಪ್ ಕಳೆದವು. ಸಮತಾ ಮೂಗು ಏರಿಸಿದ್ದು ಅವರಿಗೆ ಕೇಳಿಸಿತು, ಕೇಳಿಸದ ಹಾಗೆ ಕೂತರು.

“ನಮ್ಮಪ್ಪ ಸಂಜಿಗೆ ಕೇಳ್ತಾನ. ಏನಂತ ಹೇಳ್ಲಿ?”

“ಪಿ.ಡಿ. ಸರ್ ಕುಂದರ್ಸಿದ್ರು ಅಂತ ಹೇಳು. ಬೈಗಳ ನನಗ ಬರ್ಲಿ.”

“ಬೈಗಳ ಬಿಡ್ರಿ. ಆತ ಲೈನ್‌ಮನ್ ಅದಾನ. ನಿಮ್ಮ ಮನಿ ಕರೆಂಟು ನೋಡ್ಕೋರಿ.”

ಭೀಮೇಶ್ ನಕ್ಕರು. ಅವಳು ನಗಲಿಲ್ಲ, ಆದರೆ ಎದ್ದು ಹೋಗಲೂ ಇಲ್ಲ. ಇನ್ನೊಂದು ಸ್ಟಾಪ್ ಕಳೆದ ಮೇಲೆ ಹಿಂದಕ್ಕೆ ತಿರುಗಿ ಕೂಗಿದಳು. “ಏ ಶಿವಲೀಲಾ, ಬಾರಲೇ ಇಲ್ಲಿ. ಅವ್ರ ಒಂಬತ್ತನೇ ನಂಬರಿನಾಕಿ ಅದಾಳಲ್ಲ, ಉದ್ದನ್ನಾಕಿ, ಆಕಿ ಬಲಗೈ ಮ್ಯಾಲೆ ಎತ್ತಂಗಿಲ್ಲ. ಹೋದ ವರ್ಷ ನೋಡೀನಿ. ಅದು ನಿನ್ನ ಎಡಕ್ಕ ಬರ್ತೈತಿ, ಆ ಕಡೀಗೇ ನುಗ್ಗು.”

ಶಿವಲೀಲಾ ಬಂದು ಸೀಟಿನ ಕಂಬ ಹಿಡಿದು ನಿಂತಳು. ಮುಖ ಬಾಡಿತ್ತು. “ನಾನು ಇಳಿಯಂಗಿಲ್ಲಕ್ಕ. ನೀನು ಕುಂತಿದ್ರ ನನಗ ಕೈ ನಡುಗ್ತಾವ.”

“ಕುರಿ ಹಿಂಡು ಅಡ್ಡಗಟ್ಟಾಕಿ ನೀನು, ನಿನ್ನ ಕೈ ನಡುಗ್ತಾವೇನಲೇ? ಸುಮ್ನ ಕೇಳು.” ಹಡಗಲಿ ಬರುವ ತನಕ ಅವಳು ಹೇಳಿದಳು, ಇವಳು ಕೇಳಿದಳು.

ಹಡಗಲಿಯ ಕೋರ್ಟಿನ ಸುತ್ತ ಶಾಮಿಯಾನ ಹಾಕಿದ್ದರು. ಎದುರಿನ ಮೇಜಿನ ಹಿಂದೆ ಆಯ್ಕೆಯವರು ಮೂವರು, ಬಿಳಿ ಟೋಪಿ, ಮುಂದೆ ಹಾಳೆ. ಐದು ಜನರ ಹೆಸರು ಕೂಗಿದಾಗ ಅವರಲ್ಲೊಬ್ಬರು ಹಾಳೆ ನೋಡಿ, ಭೀಮೇಶರ ಕಡೆ ನೋಡಿ ಹುಬ್ಬೇರಿಸಿದರು. ಭೀಮೇಶ್ ಅವರ ಕಡೆ ನೋಡಲಿಲ್ಲ. ಸಮತಾ ಸ್ವೆಟರ್ ಹಾಕಿಕೊಂಡೇ ಬೆಂಚಿನ ತುದಿಯಲ್ಲಿ ಕೂತಳು. ಮೊದಲ ಹತ್ತು ನಿಮಿಷ ಮೊಣಕಾಲ ಮೇಲೆ ಕೈಯಿಟ್ಟು ಆಟ ನೋಡಿದಳು. ಆಮೇಲೆ ತಡೆಯಲಾಗಲಿಲ್ಲ. “ಎಡಕ್ಕ ಲೇ, ಎಡಕ್ಕ!” ಎಂದು ಕೂಗಲು ಹತ್ತಿದಳು. ಶಿವಲೀಲಾ ಎಡಕ್ಕೆ ನುಗ್ಗಿದಳು, ಒಂಬತ್ತನೇ ನಂಬರಿನವಳ ಕೈ ಮೇಲೇಳಲಿಲ್ಲ. ಅರುಣಕುಮಾರ್ ಬೆಂಚಿನ ಆಚೆ ಕುರ್ಚಿ ಹಾಕಿಕೊಂಡು ಹಾಳೆಯ ಮೇಲೆ ಗೀಟು ಹಾಕುತ್ತಾ ಹೋದರು.

ಮೂರನೇ ಕ್ವಾರ್ಟರ್ ಮುಗಿಯುವಾಗ ಹರಪನಹಳ್ಳಿ ಒಂಬತ್ತು ಪಾಯಿಂಟ್ ಮುಂದಿತ್ತು. ಆಯ್ಕೆಯವರಲ್ಲೊಬ್ಬರು ವಾಚು ನೋಡಿಕೊಂಡರು.

ಭೀಮೇಶ್ ಸಮತಾಳ ಪಕ್ಕಕ್ಕೆ ಸರಿದರು. “ಹೋಗ್ತೀಯೇನು?”

“ಈಗ ಬ್ಯಾಡ್ರಿ. ಆಕಿ ಕೈ ಕೂಡೈತಿ. ಈಗ ಹೊರಗ ಕರೆದ್ರ ಆಕೀಗೂ ನನ್ನಂಗ ಆಕ್ಕತಿ.”

“ಅವ್ರು ಊಟಕ್ಕ ಎದ್ರ?”

“ಎದ್ರ ಏಳ್ಲಿ ಬಿಡ್ರಿ,” ಎಂದಳು. ಆದರೆ ಕಣ್ಣು ಆ ಮೇಜಿನ ಮೇಲೇ ಇತ್ತು.

“ಕಳಸ್ರಿ ಸರ,” ಎಂದರು ಅರುಣಕುಮಾರ್, ಹಾಳೆಯಿಂದ ತಲೆಯೆತ್ತದೆ. “ಒಂಬತ್ತು ಪಾಯಿಂಟು ಐತಿ. ಇನ್ನ ಯಾವಾಗ ಕಳಸ್ತೀರಿ?”

“ಕುಂದರ್ಸ್ರಿ ಅಂದವ್ರೂ ನೀವ,” ಎಂದರು ಭೀಮೇಶ್.

“ಅವಾಗ ಲೆಕ್ಕ ಬ್ಯಾರೆ ಇತ್ರಿ.”

ಅಷ್ಟರಲ್ಲಿ ಕೋರ್ಟಿನ ನಡುವೆ ಶಿವಲೀಲಾ ಮೊಣಕಾಲ ಮೇಲೆ ಕೈಯೂರಿ ಬಗ್ಗಿ, ಏದುಸಿರು ಬಿಡುತ್ತಾ, ತಾನೇ ಕೈ ಎತ್ತಿ ಬೆಂಚಿನ ಕಡೆ ತೋರಿಸಿದಳು. ಸೀಟಿ ಬಿತ್ತು. ಸಮತಾ ಸ್ವೆಟರ್ ಕಳಚಿ, ಹೊರಗೆ ಬರುತ್ತಿದ್ದ ಶಿವಲೀಲಾಳ ಹೆಗಲಿಗೆ ಹಾಕಿ ಒಳಗೆ ಹೋದಳು. ಎರಡನೇ ಸಲ ಕೈಗೆ ಬಂದ ಚೆಂಡನ್ನು ಹಿಡಿದು ಬಲಕ್ಕೆ ಹೊರಟಳು, ನಿಲ್ಲಲಿಲ್ಲ, ಎದುರಿನವಳ ಭುಜ ತಾಗಿದರೂ ನಿಲ್ಲಲಿಲ್ಲ, ಚೆಂಡು ಬೋರ್ಡಿಗೆ ಬಡಿದು ಆಚೆ ಹೋಯಿತು, ಅವಳು ಗೆರೆ ದಾಟಿ ನೇರ ಅರುಣಕುಮಾರರ ಕುರ್ಚಿಯ ಮೇಲೆ ಬಿದ್ದಳು. ಕುರ್ಚಿ, ಹಾಳೆ, ಕನ್ನಡಕ ಎಲ್ಲ ನೆಲಕ್ಕೆ ಬಿದ್ದವು. ಎದುರಿನವಳ ಫೌಲ್, ಎರಡು ಫ್ರೀ ಥ್ರೋ ಎಂದು ಎರಡು ಬೆರಳು ಎತ್ತಿದರು ರೆಫರಿ. ಸಮತಾ ಎದ್ದು, ಕನ್ನಡಕ ಎತ್ತಿ ಮ್ಯಾನೇಜರ್ ಸಾಹೇಬರ ಕೈಗೆ ಕೊಟ್ಟು, ಮೊಣಕೈಯ ಧೂಳು ಒರೆಸಿಕೊಳ್ಳುತ್ತಾ ಫ್ರೀ ಥ್ರೋ ಗೆರೆಯ ಕಡೆ ನಡೆದಳು.